ಹಮ್ಮಿಂಗ್‌ಬರ್ಡ್ ಫೀಡರ್: ಶಿರಸಿ, ಕುಮಟಾ ಕಡೆಯ ಅಂಗಳಕ್ಕೆ ಎಷ್ಟು ಒಗ್ಗುತ್ತದೆ?

ಹಕ್ಕಿಗೆ ಸಕ್ಕರೆ ಪಾಕ ಕುಡಿಸಲು ಅಂಗಳದಲ್ಲಿ ತೂಗುಹಾಕುವ, ಆನ್‌ಲೈನಿನಲ್ಲಿ ಸಿಗುವ ಕೆಂಪು ಪ್ಲಾಸ್ಟಿಕ್ ಫೀಡರಿಗೆ ಐದರಲ್ಲಿ ಎರಡೂವರೆ ನಕ್ಷತ್ರ. ಬಟ್ಟಲಿನ ಮಾದರಿಯಾದರೆ ಮೂರು, ಬಾಟಲಿ ತಲೆಕೆಳಗಾಗಿ ನಿಲ್ಲುವ ಮಾದರಿಯಾದರೆ ಒಂದೇ.

ಹಮ್ಮಿಂಗ್‌ಬರ್ಡ್ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ಅಮೆರಿಕದ ಪಶ್ಚಿಮ ಕರಾವಳಿಯ ಆನ್ನಾ ಹಮ್ಮಿಂಗ್‌ಬರ್ಡಿನ ಗಂಡು ಹೆಣ್ಣನ್ನು ಒಲಿಸಲು ಸುಮಾರು 30 ಮೀಟರ್ ಮೇಲೇರಿ ನೇರ ಕೆಳಕ್ಕೆ ಧುಮುಕುತ್ತದೆ. ತಳ ಮುಟ್ಟುವ ಹೊತ್ತಿಗೆ ಬಾಲ ಬಿಚ್ಚಿದಾಗ ಅಂಚಿನ ಗರಿಗಳು ಗಾಳಿಗೆ ಅದುರಿ ಚಿಲಕ್ಕೆಂದು ಸದ್ದಾಗುತ್ತದೆ. ಆ ಸದ್ದು ಗಂಟಲಿನದಲ್ಲ. ಕೂಡಿದ ಮೇಲೆ ಗೂಡು, ಮರಿ ಎಲ್ಲ ಹೆಣ್ಣಿನ ಪಾಲು.

ನಮ್ಮಲ್ಲಿ ಫೀಡರಿಗೆ ಬರುವುದು ಸೂರಕ್ಕಿ. ಅದು ಹಮ್ಮಿಂಗ್‌ಬರ್ಡಿನಂತೆ ಗಾಳಿಯಲ್ಲಿ ನಿಂತೇ ಹೊಟ್ಟೆ ತುಂಬಿಸಿಕೊಳ್ಳುವ ಹಕ್ಕಿಯಲ್ಲ, ಕೂತು ಕುಡಿಯುತ್ತದೆ. ಆದ್ದರಿಂದ ಕೂರಲು ಬಳೆಯಿಲ್ಲದ ಫೀಡರ್ ಕೊಳ್ಳಲೇಬೇಡಿ. ಕೊಂಡಾಗಿದ್ದರೆ ತೂತಿನ ಕೆಳಗೆ ಪೆನ್ಸಿಲ್ ದಪ್ಪದ ದಾಸವಾಳದ ಕಡ್ಡಿ ಕಟ್ಟಿ.

ಬಾಟಲಿ ಮಾದರಿ ಸೋಲುವುದು ನಮ್ಮ ಬಿಸಿಲಿಗೆ. ಒಳಗಿನ ಗಾಳಿ ಕಾದು ಹಿಗ್ಗುತ್ತದೆ, ಪಾಕವನ್ನು ತೂತಿನಿಂದ ಹೊರಗೆ ದೂಡುತ್ತದೆ. ತೊಟ್ಟಿಕ್ಕಿದ ಕಡೆ ಮೊದಲು ಇರುವೆ, ಆಮೇಲೆ ತುಡುವೆ ಜೇನು. ಜೇನುಪೆಟ್ಟಿಗೆ ಇಟ್ಟವರ ಮನೆ ಹತ್ತಿರ ಇದು ಸಣ್ಣ ವಿಷಯವಲ್ಲ, ಸಕ್ಕರೆ ನೀರು ನೇರ ತುಪ್ಪಕ್ಕೆ ಸೇರುತ್ತದೆ. ಬಟ್ಟಲಿನಲ್ಲಿ ಪಾಕ ತೂತಿಗಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗಿರಲಿ: ಸೂರಕ್ಕಿಯ ಕೊಕ್ಕು, ನಾಲಿಗೆ ಎಟುಕುತ್ತವೆ, ಜೇನಿನ ನಾಲಿಗೆ ಎಟುಕುವುದಿಲ್ಲ. ತೀರಾ ಕೆಳಗಿಳಿದರೆ ಗಿಡ್ಡ ಕೊಕ್ಕಿನ ಹಳದಿ ಹೊಟ್ಟೆಯ ಸೂರಕ್ಕಿಗೂ ಸಿಗದು. ಇರುವೆ ತಡೆಯಲು ನಡುವೆ ಇರುವ ಸಣ್ಣ ಬಟ್ಟಲಿಗೆ ಬರೀ ನೀರು ಹಾಕಿ. ಎಣ್ಣೆ ಗರಿಗೆ ಅಂಟಿದರೆ ಹಕ್ಕಿಗೆ ಕಷ್ಟ.

ಪಾಕ: ಒಂದು ಲೋಟ ಬಿಳಿ ಸಕ್ಕರೆ, ನಾಲ್ಕು ಲೋಟ ನೀರು, ಕುದಿಸಿ ಪೂರ್ತಿ ಆರಿಸಿದ್ದು. ಬೆಲ್ಲ ಬೇಡ, ಜೇನುತುಪ್ಪ ಬೇಡ, ಫೀಡರಿನ ಜೊತೆ ಬರುವ ಕೆಂಪು ಪುಡಿಯಂತೂ ಬೇಡವೇ ಬೇಡ. ಪ್ಲಾಸ್ಟಿಕ್ಕಿನ ಬಣ್ಣವೇ ಸಾಕು. ಏಪ್ರಿಲ್-ಮೇ ಸೆಖೆಯಲ್ಲಿ ಕಾರವಾರ, ಅಂಕೋಲೆಯಂಥ ಕಡೆ ಪಾಕ ಒಂದೇ ದಿನದಲ್ಲಿ ಹುಳಿಯುತ್ತದೆ. ಮಬ್ಬಾಯಿತೆಂದರೆ ಚೆಲ್ಲಿ. ದಿನಾ ಬಿಸಿನೀರು, ಬ್ರಷ್ಷಿನಿಂದ ತೊಳೆಯಲಾಗದ ಮನೆಯವರು ಫೀಡರ್ ತರದಿರುವುದೇ ಹಕ್ಕಿಗೆ ಮಾಡುವ ಉಪಕಾರ. ಮಳೆ ಹಿಡಿದ ಮೇಲೆ ಒಳಗಿಡಿ.

ಇನ್ನು ಒಲಿಸುವ ಆಟ ನೋಡಬೇಕೆಂಬ ಆಸೆಯಿಂದ ಕೊಳ್ಳುವವರಿಗೆ: ಅದು ಫೀಡರಿನ ಮೇಲೆ ನಡೆಯುವುದಿಲ್ಲ. ಜೋರಾದ ಒಂದು ಗಂಡು ಅದನ್ನು ತನ್ನದೆಂದು ಕಾದು ಉಳಿದವನ್ನು ಅಟ್ಟುತ್ತದೆ, ನೋಡಸಿಗುವುದು ಬರೀ ಜಗಳ. ನೇರಳೆ ಸೂರಕ್ಕಿಯ ಗಂಡು ಬೇಸಿಗೆಯಲ್ಲಿ ಹೆಣ್ಣಿನ ಹತ್ತಿರದ ರೆಂಬೆಯಲ್ಲಿ ತಲೆ ಎತ್ತಿ, ಬಾಲ ಬಿಚ್ಚಿ, ಅರೆತೆರೆದ ರೆಕ್ಕೆ ಅದುರಿಸುತ್ತ ಹಾಡುತ್ತದೆ. ಆಗ ಕಂಕುಳಿನ ಹಳದಿ-ಕೆಂಪು ಗರಿಗೊಂಚಲು ಹೊರಬೀಳುತ್ತದೆ. ಉಳಿದ ಹೊತ್ತು ಅದು ರೆಕ್ಕೆಯಡಿ ಅಡಗಿರುತ್ತದೆ. ಇಷ್ಟು ಚೆಂದದ ನೋಟಕ್ಕೆ ಹೂಬಿಟ್ಟ ದಾಸವಾಳ, ತೋಟದ ಬಾಳೆಹೂವು, ಮಾವಿನ ಮೇಲಿನ ಬಂದಳಿಕೆ ಯಾವ ಫೀಡರಿಗಿಂತಲೂ ಒಳ್ಳೆಯ ಜಾಗ. ಬಂದಳಿಕೆ ಕಡಿಯುವವರು ಒಂದು ಗೊಂಚಲನ್ನಾದರೂ ಬಿಡಿ.

ಹೆಣ್ಣು ಸೂರಕ್ಕಿ ಜೇಡರ ಬಲೆಯಿಂದ ಹೆಣೆದ ಜೋಲುಗೂಡು ಕಂಡರೆ ಫೀಡರನ್ನು ಮನೆಯ ಇನ್ನೊಂದು ಮಗ್ಗುಲಿಗೆ ಒಯ್ಯಿರಿ. ಮರಿಗೆ ಬೇಕಾದದ್ದು ಜೇಡ, ಹುಳ, ಸಕ್ಕರೆ ನೀರಲ್ಲ. ಆ ದಿನಗಳಲ್ಲಿ ಅಂಗಳದ ಗಿಡಕ್ಕೆ ಔಷಧಿ ಹೊಡೆಯಬೇಡಿ.