ಮೈಸೂರಲ್ಲಿ "ಅರಮನೆ ಇವತ್ತು ಬಂದ್" ಅಂದರೆ ನಂಬಬೇಡಿ

ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಶಿರಸಿ, ಸಿದ್ದಾಪುರ ಕಡೆಯಿಂದ ಮೈಸೂರಿಗೆ ಹೊರಟವರು ದಯವಿಟ್ಟು ಇದನ್ನು ಓದಿ. ಅರಮನೆಗೆ ವಾರದ ರಜೆ ಅನ್ನುವುದೇ ಇಲ್ಲ. ಬೆಳಿಗ್ಗೆ 10ರಿಂದ ಸಂಜೆ 5:30. ದಸರಾದಲ್ಲಿ ಖಾಸಗಿ ದರ್ಬಾರ್, ಪೂಜೆ ಅಂತ ಕೆಲವು ಹೊತ್ತು ಬಿಡುವುದಿಲ್ಲ, ಅದು ಬೇರೆ. ನಾವು ಹೋಗಿದ್ದು ದಸರಾಕ್ಕಲ್ಲ.

ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನಡೆದೇ ಹೋದೆವು. ನಾನು, ಆಯಿ, ಮಕ್ಕಳು. ಆ ಕಡೆಯಿಂದ ಬಂದರೆ ಸಿಗುವುದು ಉತ್ತರದ ಬಲರಾಮ ದ್ವಾರ. ಮುಚ್ಚಿತ್ತು. ಪ್ರವಾಸಿಗರನ್ನು ಬಿಡುವುದು ದಕ್ಷಿಣದ ವರಾಹ ದ್ವಾರದಿಂದ. ನಮಗೇನು ಗೊತ್ತು? ಅಲ್ಲಿನ ಆಟೋದವರಿಗೆ ಚೆನ್ನಾಗಿ ಗೊತ್ತು. ಮುಚ್ಚಿದ ಬಾಗಿಲ ಮುಂದೆ ಕಣ್ಣುಕಣ್ಣು ಬಿಡುವವರನ್ನೇ ಕಾಯುತ್ತಿರುತ್ತಾರೆ.

"ಮಧ್ಯಾಹ್ನದ ಮೇಲೆ ಅಕ್ಕ. ಒಳಗೆ ಮಹಾರಾಜರ ಪೂಜೆ ನಡೀತಿದೆ" ಅಂದ ಒಬ್ಬ ಆಟೋದವನು. ಯಾವೂರು ಅಂತ ಕೇಳಿದ. ಶಿರಸಿ ಅಂದೆ. "ಅಯ್ಯೋ, ಮಾರಿಕಾಂಬೆ ಜಾತ್ರೆಗೆ ಬಂದಿದ್ದೆ ಕಣಕ್ಕ!" ಅಷ್ಟಕ್ಕೇ ಆಯಿ ಕರಗಿಹೋದಳು. ಐವತ್ತು ರೂಪಾಯಿಗೆ ಮೂರು ಜಾಗ ತೋರಿಸುತ್ತಾನಂತೆ. ಮೂರೂ ಅಂಗಡಿಗಳೇ!

ಅಗರಬತ್ತಿ, ಗಂಧದೆಣ್ಣೆ ಹೇಗೋ ತಪ್ಪಿಸಿಕೊಂಡೆವು. ಆಮೇಲೆ "ಸರ್ಕಾರಿ ಸಿಲ್ಕ್ ಮಳಿಗೆ, ರಿಯಾಯಿತಿ ಇವತ್ತೇ ಕೊನೆ" ಅಂತ ಇನ್ನೊಂದಕ್ಕೆ ನುಗ್ಗಿಸಿದ. ಅಂಗಡಿಯವನು ಕೌಂಟರ್ ಮೇಲಿದ್ದ ಸೀರೆಯಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಸುಟ್ಟು, ಆಯಿಯ ಮೂಗಿಗೆ ಹಿಡಿದ. "ಕೂದಲು ಸುಟ್ಟ ವಾಸನೆ ಬಂತಲ್ವಾ ಅಮ್ಮಾ? ಅಪ್ಪಟ ರೇಷ್ಮೆ." ಬಂತು, ನಿಜ. ಆದರೆ ನಮಗೆ ಕಟ್ಟಿಕೊಟ್ಟಿದ್ದು ಆ ಸೀರೆ ಅಲ್ಲ! ಮನೆಗೆ ಬಂದು ಅದರ ಎಳೆ ಸುಟ್ಟರೆ ಕರಗಿ ಗಟ್ಟಿ ಗುಂಡಾಯಿತು. ಪಾಲಿಯೆಸ್ಟರ್. 7,800 ರೂಪಾಯಿ, ಅದೂ ನಗದು. ಮಷೀನ್ ಕೆಟ್ಟಿತ್ತಂತೆ.

ಅದಕ್ಕಿಂತ ಉರಿದದ್ದು ಅವತ್ತೇ, ಅಂಗಡಿಯಿಂದ ಹೋದಮೇಲೆ, ಅರಮನೆಯ ಟಿಕೆಟ್ ಕೌಂಟರಿನಲ್ಲಿ. "ಪೂಜೆ ಮುಗೀತಾ?" ಅಂತ ಕೇಳಿದೆ. "ಯಾವ ಪೂಜೆ ಮೇಡಂ? ಹತ್ತಕ್ಕೇ ತೆಗೆದಿದೀವಿ." ಹಿಂದೆ ಸಾಲಲ್ಲಿ ನಿಂತವರು ಕಿಸಕ್ಕನೆ ನಕ್ಕರು. ಮಗ ಬೇರೆ, "ಅಮ್ಮಾ, ಆ ಮಾಮ ಸುಳ್ಳು ಹೇಳಿದ್ನಾ?" ಮುಖ ಎಲ್ಲಿಡಲಿ? ಆಟೋದವನು ಇನ್ನೂ ಅಲ್ಲೇ ಇದ್ದ. ಕೇಳಿದರೆ, "ನಂಗೂ ಹಂಗೇ ಹೇಳಿದ್ರು ಅಕ್ಕ." ಯಾರು ಹೇಳಿದ್ದು? ಯಾರೂ ಇಲ್ಲ!

ಅಂಗಡಿಯ ಚೀಟಿ ಮೇಲಿದ್ದ ಮೊಬೈಲಿಗೆ ಮಾಡಿದೆ. "ಸರ್ಕಾರಿ ಅಂತ ನಾವು ಹೇಳಿಲ್ವಲ್ಲ ಮೇಡಂ. ಆಟೋದವನು ಹೇಳಿರ್ಬೇಕು." ಇನ್ನೊಮ್ಮೆ ಮಾಡಿದರೆ, "ಬಿಚ್ಚಿದ ಸೀರೆ ವಾಪಸ್ ಇಲ್ಲ." ಆಮೇಲೆ ಎತ್ತಲೇ ಇಲ್ಲ.

ಮೈಸೂರು ಸಿಲ್ಕ್ ಬೇಕಾದರೆ ಕೆಎಸ್‌ಐಸಿಯ (ರಾಜ್ಯ ಸರ್ಕಾರದ ರೇಷ್ಮೆ ನಿಗಮ) ಸ್ವಂತ ಮಳಿಗೆಗೇ ಹೋಗಿ. ಅವರ ಪ್ರತಿ ಸೀರೆಯಲ್ಲೂ ಅದರದೇ ನಂಬರ್ ಇರುತ್ತದೆ, ಹುಡುಕಿ ನೋಡಿ. ಅರಮನೆಯ ಬಾಗಿಲು ಮುಚ್ಚಿದ್ದರೆ ಗೋಡೆ ಸುತ್ತಿ ದಕ್ಷಿಣಕ್ಕೆ ನಡೆಯಿರಿ, ಯಾರನ್ನೂ ಕೇಳಬೇಡಿ. ನಮ್ಮೂರಿನ ಜಾತ್ರೆ ಹೊಗಳುವವನನ್ನಂತೂ ಕೇಳಲೇಬೇಡಿ.

ಗ್ರಾಹಕ ಸಹಾಯವಾಣಿ 1915ಕ್ಕೂ ಫೋನ್ ಮಾಡಿದೆ. ಬಿಲ್ ಕಳಿಸಿ ಅಂದರು. ಯಾವ ಬಿಲ್ ಕಳಿಸಲಿ? ಚೀಟಿ ಮೇಲೆ ಅಂಗಡಿ ಹೆಸರಿಲ್ಲ, ಜಿಎಸ್‌ಟಿ ನಂಬರಿಲ್ಲ. ಮೇಲೆ "ಎಸ್ಟಿಮೇಟ್" ಅಂತಿದೆ, ಅಷ್ಟೇ.