ಹಳೆಯ ಬಕೆಟ್‌, ಹಳೆಯ ಪ್ಯಾನ್ ಕೊಂಡು ಮೇಪಲ್ ಪಾಕ ಕಾಯಿಸುವವರ ಗಮನಕ್ಕೆ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲೋ ಕೆನಡಾದ ಆಂಟೇರಿಯೊ, ಕ್ವಿಬೆಕ್ ಕಡೆಗೋ ನೆಲೆಸಿ, ಹಿತ್ತಲಿನ ಮೇಪಲ್ ಮರಗಳಿಂದ ರಸ ಇಳಿಸಿ ಮನೆಯಲ್ಲೇ ಪಾಕ ಮಾಡಬೇಕೆಂದಿರುವ ಕನ್ನಡಿಗರು, ಬಳಸಿದ ಸಲಕರಣೆ ಕೊಳ್ಳುವ ಮುನ್ನ, ಅದರಲ್ಲಿರಬಹುದಾದ ಸೀಸವೆಂಬ ವಿಷಕಾರಿ ಲೋಹದ ಬಗ್ಗೆ ದಯವಿಟ್ಟು ಇದನ್ನು ಓದಿ.

ವರ್ಮಾಂಟ್‌ನ ನಮ್ಮ ಮನೆಯ ಹಿಂದೆ ಕೆಲವು ಶುಗರ್ ಮೇಪಲ್ ಮರಗಳಿವೆ. ಹೊಸ ಸ್ಟೇನ್‌ಲೆಸ್ ಸ್ಟೀಲ್ ಪ್ಯಾನ್‌ನ ಬೆಲೆ ಹೆಚ್ಚೆನಿಸಿದ್ದರಿಂದ, ಹಳೆಯ ಸಾಮಾನು ಮಾರುವ ಒಬ್ಬರಿಂದ ಸತು ಲೇಪನದ ಬಕೆಟ್‌ಗಳನ್ನೂ ರಸ ಕುದಿಸುವ ಅಗಲವಾದ ಪ್ಯಾನನ್ನೂ ಕೊಂಡೆವು. ಅಂಚುಗಳ ಬೆಸುಗೆಯಲ್ಲಿ (ಸೋಲ್ಡರ್) ಸೀಸವಿದೆಯೇ ಎಂದು ನನ್ನ ಪತ್ನಿ ನೇರವಾಗಿಯೇ ಕೇಳಿದ್ದಳು. ಸ್ವಲ್ಪವೂ ಇಲ್ಲವೆಂದೂ, ತಮ್ಮ ಮನೆಯಲ್ಲಿ ತಲೆಮಾರುಗಳಿಂದ ಇದರಲ್ಲೇ ಪಾಕ ಮಾಡಿ ತಿಂದಿದ್ದಾರೆಂದೂ ಅವರು ಭರವಸೆ ಕೊಟ್ಟರು.

ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇರುವ ಮಾರ್ಚ್ ತಿಂಗಳಲ್ಲಿ ರಸ ಚೆನ್ನಾಗಿಯೇ ಇಳಿಯಿತು. ಪಾಕವನ್ನು ದೋಸೆಗೆ ಹಾಕಿಕೊಂಡು ತಿಂದೆವು, ಮಗಳ ಹಾಲಿಗೂ ಬೆರೆಸಿದೆವು. ಋತು ಮುಗಿದು ಪ್ಯಾನ್ ತೊಳೆದಿಟ್ಟಿದ್ದಾಗ, ಬಹುಕಾಲದಿಂದ ಈ ಕೆಲಸ ಮಾಡಿ ಬಲ್ಲ ನೆರೆಯ ಹಿರಿಯರೊಬ್ಬರು ಅದರ ಮೂಲೆಗಳಲ್ಲಿದ್ದ ಮಂಕು ಬೂದು ಬಣ್ಣದ ಬೆಸುಗೆಯನ್ನು ನೋಡಿ, ಇನ್ನು ಒಂದು ಚಮಚವನ್ನೂ ತಿನ್ನದೆ ಪ್ರಯೋಗಾಲಯಕ್ಕೆ ಕಳುಹಿಸಿ ಎಂದರು. ವರದಿ ಬಂದಾಗ ಪಾಕದಲ್ಲಿ ಸೀಸವಿತ್ತು. ಅದೂ ತಿನ್ನಲು ಯೋಗ್ಯವಲ್ಲದ ಮಟ್ಟದಲ್ಲಿ. ಮಗಳ ರಕ್ತ ಪರೀಕ್ಷೆಯಲ್ಲಿ ಆತಂಕಪಡುವಂಥದ್ದೇನೂ ಕಾಣಲಿಲ್ಲವಾದರೂ, ಫಲಿತಾಂಶ ಕೈಸೇರುವವರೆಗೆ ನಾವಿಬ್ಬರೂ ಅನುಭವಿಸಿದ ಸಂಕಟ ಬೇರೆ ಯಾವ ತಂದೆತಾಯಿಗೂ ಬರಬಾರದು. ಮಕ್ಕಳ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಪ್ರಮಾಣವೆಂಬುದೇ ತಿಳಿದಿಲ್ಲ; ಅದು ಬೆಳೆಯುವ ಮೆದುಳಿಗೆ ಮಾಡುವ ಹಾನಿಯನ್ನು ಸರಿಪಡಿಸುವ ಔಷಧವೂ ಇಲ್ಲ.

ಈ ಸೀಸ ಮರದಿಂದ ಬಂದದ್ದಲ್ಲ. ಹಿಂದೆ ಬಕೆಟ್‌ಗಳ ಮತ್ತು ಪ್ಯಾನ್‌ಗಳ ಅಂಚುಗಳನ್ನು ಸೀಸ ಬೆರೆತ ಬೆಸುಗೆಯಿಂದ ಕೂಡಿಸುತ್ತಿದ್ದರು. ಟರ್ನ್ ಎಂಬ ತಗಡಿನಲ್ಲಂತೂ ಉಕ್ಕಿನ ಮೇಲಿನ ಇಡೀ ಲೇಪನವೇ ಸೀಸ ಮತ್ತು ತವರದ ಮಿಶ್ರಣ. ಹಳೆಯ ಸತು ಲೇಪನದಲ್ಲೂ ಹಿತ್ತಾಳೆಯ ನಲ್ಲಿಗಳಲ್ಲೂ ಸೀಸ ಇರುವುದುಂಟು. ತುಸು ಆಮ್ಲಗುಣದ ರಸ, ಅದರಲ್ಲೂ ಬೆಚ್ಚನೆಯ ದಿನ ಬಕೆಟ್‌ನಲ್ಲೇ ನಿಂತು ಹುಳಿಯಾಗತೊಡಗಿದ ರಸ, ಆ ಲೋಹವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಶೇ. 2ರಷ್ಟು ಸಕ್ಕರೆಯಿರುವ ರಸವಾದರೆ ಒಂದು ಲೀಟರ್ ಪಾಕಕ್ಕೆ ಸುಮಾರು 40 ಲೀಟರ್ ಬೇಕು. ಕುದಿಯುವಾಗ ಆವಿಯಾಗಿ ಹೋಗುವುದು ನೀರು ಮಾತ್ರ, ಆದ್ದರಿಂದ ರಸದಲ್ಲಿ ಅತ್ಯಲ್ಪವಾಗಿದ್ದ ಸೀಸವೂ ಪಾಕದಲ್ಲಿ ಸುಮಾರು ನಲವತ್ತು ಪಟ್ಟು ಸಾಂದ್ರವಾಗುತ್ತದೆ. ತಳದಲ್ಲಿ ಕೂರುವ ಮರಳಿನಂಥ ಗಸಿಯನ್ನು ಸೋಸಿದಾಗ ಒಂದಿಷ್ಟು ಸೀಸ ಅದರೊಂದಿಗೆ ಹೋಗುವುದು ನಿಜ. ಆದರೆ ಅದನ್ನು ನಂಬಿ ಮಕ್ಕಳಿಗೆ ಬಡಿಸುವಂತಿಲ್ಲ. ರುಚಿ, ಬಣ್ಣ, ವಾಸನೆ ಯಾವುದರಿಂದಲೂ ಗುರುತು ಸಿಗುವುದಿಲ್ಲ. ನಮ್ಮ ಪಾಕ ಬಹಳ ರುಚಿಯಾಗಿಯೇ ಇತ್ತು.

1990ರ ದಶಕದ ಮಧ್ಯಭಾಗಕ್ಕಿಂತ ಹಿಂದಿನ, ಅಥವಾ ಯಾವಾಗ ತಯಾರಾಯಿತೆಂದು ತಿಳಿಯದ ಸಲಕರಣೆಯಲ್ಲಿ ಸೀಸವಿದೆ ಎಂದೇ ಭಾವಿಸಿ, ಮಾರುವವರ ಬಾಯಿಮಾತಿಗೆ ಬೆಲೆ ಕೊಡಬೇಡಿ. ಬೆಸುಗೆಯ ಮೇಲೆ ಉಜ್ಜಿ ನೋಡುವ ಪರೀಕ್ಷಾ ಕಡ್ಡಿಗಳು ಅಂಗಡಿಯಲ್ಲಿ ಸಿಗುತ್ತವೆ. ಅವು ಬಣ್ಣ ಬದಲಿಸಿದರೆ ಆ ವಸ್ತುವನ್ನು ಬಿಟ್ಟುಬಿಡಿ. ಬದಲಿಸದಿದ್ದರೂ ಪಾಕವನ್ನೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಹೊರತು ನಿಶ್ಚಿಂತರಾಗಬೇಡಿ. ಹವ್ಯಾಸಕ್ಕೆ ಆಹಾರ ದರ್ಜೆಯ ಪ್ಲಾಸ್ಟಿಕ್ ಬಕೆಟ್‌ಗಳೂ, ಬೆಸುಗೆಯ ಬದಲು ವೆಲ್ಡಿಂಗ್ ಮಾಡಿದ ಅಥವಾ ಜೋಡಣೆಯೇ ಇಲ್ಲದ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆಯೂ ಸಾಕು. ನಾವು ಈಗ ಹೋಟೆಲ್‌ಗಳಲ್ಲಿ ಬಳಸುವ ಅಂಥ ಆಳದ ಟ್ರೇಗಳಲ್ಲೇ ಕುದಿಸುತ್ತೇವೆ.

ಆ ಹಳೆಯ ಪ್ಯಾನನ್ನು ಹಿಂದಿರುಗಿಸುವುದಾಗಿ ಹೇಳಿದಾಗ, ಮಾರಿದವರು ಅದನ್ನು ಇನ್ನೊಬ್ಬರಿಗೆ ಕೊಡಲು ಸಿದ್ಧರಿದ್ದರು. ಹಾಗಾಗಿ ಹಣದ ಆಸೆ ಬಿಟ್ಟು, ಅದರ ತಳಕ್ಕೂ ಬಕೆಟ್‌ಗಳಿಗೂ ಡ್ರಿಲ್‌ನಿಂದ ತೂತು ಕೊರೆದು, ಯಾರೂ ಮತ್ತೆ ಅಡುಗೆಗೆ ಬಳಸದಂತೆ ಮಾಡಿ ಗುಜರಿಗೆ ಹಾಕಿದ್ದೇವೆ. ಇಂಥ ಸಲಕರಣೆಯಲ್ಲಿ ಕಾಯಿಸಿದ ಪಾಕದ ಬಾಟಲಿಗಳು ನಿಮ್ಮ ಮನೆಯಲ್ಲಿದ್ದರೆ, ಅಥವಾ ಸ್ನೇಹಿತರಿಗೆ ಕೊಟ್ಟಿದ್ದರೆ, ವರದಿ ಬರುವವರೆಗೆ ಅವನ್ನು ತೆರೆಯದಂತೆ ಇಂದೇ ತಿಳಿಸಿ.