ಯುಡಿಐಡಿ ಸೇವೆ: ಅರ್ಜಿ ಸರಾಗ, ತಪಾಸಣೆ ಕಠಿಣ

ಗಂಗಾವತಿಯಂತಹ ಊರಿನಲ್ಲಿದ್ದು ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡಿಗೆ ಅರ್ಜಿ ಹಾಕುವುದು ಈಗ ಕಷ್ಟದ ಕೆಲಸವಲ್ಲ. ಆಧಾರ್, ವಿಳಾಸದ ದಾಖಲೆ ಮತ್ತು ಭಾವಚಿತ್ರವಿದ್ದರೆ ಸ್ವಾವಲಂಬನ್ ಜಾಲತಾಣದಲ್ಲಿ ಮನೆಯಿಂದಲೇ ಅರ್ಜಿ ತುಂಬಬಹುದು. ಆಗದವರಿಗೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯು (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕಿನ ಎಂಆರ್‌ಡಬ್ಲ್ಯು (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ನೆರವಾಗುತ್ತಾರೆ. ಸೇವೆಯ ಈ ಭಾಗದ ಬಗ್ಗೆ ನನಗೆ ಪೂರ್ಣ ಮೆಚ್ಚುಗೆಯಿದೆ. ಆದರೆ ವಂಶಪಾರಂಪರ್ಯವಾಗಿ ಬಂದ ನರರೋಗ ಇರುವವರಿಗೆ ನಿಜವಾದ ಪರೀಕ್ಷೆ ಎದುರಾಗುವುದು ವೈಕಲ್ಯದ ಶೇಕಡಾವಾರು ನಿರ್ಧರಿಸುವ ವೈದ್ಯಕೀಯ ಮಂಡಳಿಯ ಮುಂದೆ.

ನನಗಿರುವುದು ಶಾರ್ಕೋ-ಮಾರಿ-ಟೂತ್ ಕಾಯಿಲೆ, ಅಂದರೆ ಸಿಎಂಟಿ. 1886ರಲ್ಲಿ ಇದನ್ನು ವಿವರಿಸಿದ ಮೂವರು ವೈದ್ಯರ ಹೆಸರೇ ಕಾಯಿಲೆಗೆ ಉಳಿದಿದೆ. ದೇಹದ ಅತಿ ಉದ್ದನೆಯ ನರಗಳು ಮೊದಲು ಸೊರಗುವುದರಿಂದ ದೌರ್ಬಲ್ಯ ಪಾದದಲ್ಲಿ ಶುರುವಾಗಿ ವರ್ಷಗಳು ಕಳೆದಂತೆ ಕೈಬೆರಳುಗಳಿಗೂ ಬರುತ್ತದೆ. ಹೆಚ್ಚು ಕಾಣಿಸುವ 1ಎ ಬಗೆಯಲ್ಲಿ ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ನಮ್ಮ ಅಪ್ಪಾಜಿ ಗದ್ದೆಯ ಬದುವಿನ ಮೇಲೆ ಮೊಣಕಾಲು ಎತ್ತಿ ಎತ್ತಿ ಇಡುತ್ತಿದ್ದುದನ್ನು ಊರವರು ಅವರ ನಡಿಗೆಯ ರೀತಿಯೆಂದೇ ತಿಳಿದಿದ್ದರು. ನನಗೂ ತಂಗಿಗೂ ಅದೇ ನಡಿಗೆ ಬಂದ ಮೇಲೆ ಕಾಯಿಲೆಯೆಂದು ಗೊತ್ತಾಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿರುವ 21 ವೈಕಲ್ಯಗಳಲ್ಲಿ ಸಿಎಂಟಿಯ ಹೆಸರಿಲ್ಲ. ದೀರ್ಘಕಾಲೀನ ನರರೋಗಗಳಿಗೆ ಉದಾಹರಣೆಯಾಗಿ ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಪಾರ್ಕಿನ್ಸನ್ ಮಾತ್ರ ಇವೆ. ಆದ್ದರಿಂದ ನಾನು ಚಲನ ವೈಕಲ್ಯದ ಅಡಿಯಲ್ಲಿ ಅರ್ಜಿ ಹಾಕಿದೆ. ಅದರ ಮಾರ್ಗಸೂಚಿ ನಿಜಕ್ಕೂ ವಿವೇಕದಿಂದ ಕೂಡಿದೆ: ಸ್ನಾಯುಗಳ ಬಲ ಅಳೆಯುವುದರ ಜೊತೆಗೆ ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ಒಂಟಿ ಕಾಲಿನ ಮೇಲೆ ನಿಲ್ಲುವುದು ಇವನ್ನೆಲ್ಲ ನೋಡಬೇಕೆನ್ನುತ್ತದೆ. ನಾನು ಹೋದ ಮಂಡಳಿಯಲ್ಲಿ ಇವುಗಳಲ್ಲಿ ಒಂದನ್ನೂ ಮಾಡಿಸಲಿಲ್ಲ. ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಆಧಾರ ಪಟ್ಟಿ) ಮತ್ತು ಬೂಟು ಹಾಕಿಕೊಂಡು ಕೋಣೆಯೊಳಗೆ ನಾಲ್ಕು ಹೆಜ್ಜೆ ನಡೆದುದನ್ನು ನೋಡಿ, ಸೌಲಭ್ಯಗಳಿಗೆ ಬೇಕಾದ ಶೇ. 40ಕ್ಕಿಂತ ಕಡಿಮೆ ಬರೆದರು. ಸ್ಪ್ಲಿಂಟ್ ಪಾದವನ್ನು ಎತ್ತಿ ಹಿಡಿದಿರುವುದರಿಂದಲೇ ನಾನು ಎಡವದೆ ನಡೆಯುತ್ತೇನೆ ಎಂಬುದನ್ನು ಯಾರೂ ಕೇಳಲಿಲ್ಲ.

ಕಾಯ್ದೆಯ 59ನೇ ಕಲಂ ಮೇಲ್ಮನವಿಗೆ ಅವಕಾಶ ಕೊಡುತ್ತದೆ. ಈ ಮಾತನ್ನು ನನಗೆ ಹೇಳಿದವರು ನಮ್ಮ ವಿಆರ್‌ಡಬ್ಲ್ಯು ಅಕ್ಕ. "ಅಣ್ಣಾರ, ಈ ಸಲ ಪಟ್ಟಿ ಬಿಚ್ಚಿ ಬರಿಗಾಲಿಲೆ ನಡದು ತೋರಸ್ರಿ, ನರದ ರಿಪೋರ್ಟು ಮ್ಯಾಲ ಇಡ್ರಿ" ಎಂದು ಅವರು ಕೊಟ್ಟ ಸಲಹೆಯನ್ನು ಈ ಕಾಯಿಲೆಯ ಎಲ್ಲರಿಗೂ ಹೇಳಬಯಸುತ್ತೇನೆ. ನರಗಳಲ್ಲಿ ಸಂಕೇತ ಸಾಗುವ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ಮುಂಗೈಯ ಚಲನ ನರದ ವೇಗ ಸೆಕೆಂಡಿಗೆ 38 ಮೀಟರಿಗಿಂತ ಕಡಿಮೆಯಿರುವುದು 1ಎ ಸೇರಿದ ಸಿಎಂಟಿ 1 ಗುಂಪಿನ ಗುರುತು. ಶೇಕಡಾವಾರು ನಿರ್ಧಾರವಾಗುವುದು ಕೈಕಾಲುಗಳ ಶಕ್ತಿಯ ಮೇಲಾದರೂ, ಆ ರಿಪೋರ್ಟ್ ಮೇಜಿನ ಮೇಲಿದ್ದರೆ ವೈದ್ಯರು ನಮ್ಮನ್ನು ಪರೀಕ್ಷಿಸುವ ರೀತಿಯೇ ಬದಲಾಗುತ್ತದೆ. ಮೇಲ್ಮನವಿಯ ನಂತರದ ಮರುತಪಾಸಣೆಯಲ್ಲಿ ವೈದ್ಯರೊಬ್ಬರು ತಾಳ್ಮೆಯಿಂದ ಬೆರಳುಗಳ ಹಿಡಿತವನ್ನೂ ನೋಡಿದರು. ಅಂಗಿಯ ಗುಂಡಿ ಹಾಕಿ ತೋರಿಸಲು ಹೇಳಿದರು. ನನಗೆ ಹಳದಿ ಪಟ್ಟಿಯ ಕಾರ್ಡ್ ಬಂತು. ಶೇ. 40ರಿಂದ 80ರ ಒಳಗಿನವರಿಗೆ ಹಳದಿ, 80 ಮತ್ತು ಅದಕ್ಕೂ ಮೇಲಿನವರಿಗೆ ನೀಲಿ, 40ಕ್ಕಿಂತ ಕಡಿಮೆಯಿದ್ದರೆ ಬಿಳಿ. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು, ಅದಕ್ಕೆ ಆದಾಯದ ಮಿತಿಯೂ ಇದೆ. ಬಸ್ ಪಾಸಿನ ರಿಯಾಯಿತಿ ನನ್ನ ದಿನನಿತ್ಯದ ಓಡಾಟಕ್ಕೆ ದೊಡ್ಡ ಆಸರೆಯಾಗಿದೆ.

ತಂಗಿಗೆ ಮಾತ್ರ ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿದ್ದಾರೆ. ಸ್ಥಿತಿ ಬದಲಾಗಬಹುದಾದಾಗ ಹಾಗೆ ಕೊಡಲು ನಿಯಮದಲ್ಲಿ ಅವಕಾಶವಿದೆಯೆಂಬುದು ನಿಜ. ಆದರೆ ಇಂದಿಗೂ ಗುಣಪಡಿಸುವ ಚಿಕಿತ್ಸೆಯಿಲ್ಲದ ಈ ಕಾಯಿಲೆ ಬದಲಾಗುವುದಾದರೆ ಹೆಚ್ಚಾಗುವ ಕಡೆಗೇ ಬದಲಾಗುತ್ತದೆ. ನಡೆಯಲು ಕಷ್ಟಪಡುವ ಹೆಣ್ಣುಮಗಳು ಅವಧಿ ಮುಗಿದಾಗಲೆಲ್ಲ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವಂತೆ ಮಾಡುವ ಬದಲು ಶಾಶ್ವತ ಪ್ರಮಾಣಪತ್ರ ಕೊಟ್ಟು, ಶೇಕಡಾವಾರು ಹೆಚ್ಚಿಸಿಕೊಳ್ಳಲು ಆಕೆಯೇ ಬಂದಾಗ ಮರುತಪಾಸಣೆ ಮಾಡುವುದು ಸರಿಯಾದ ಕ್ರಮ. ಹಾಗೆ ಕೋರಿ ಆಕೆಯ ಪರವಾಗಿ ಮನವಿ ಸಲ್ಲಿಸಿದ್ದೇವೆ.